ಒಂದು ಪೆಟ್ಟಿಗೆ, ಐದು ಶೀಟ್, ಎರಡು ಲೇಸರ್

ನಮ್ಮ ಲೇಸರ್ ಕಟಿಂಗ್ ವರ್ಕ್‌ಶಾಪಿಗೆ ಈ ಕೆಲಸ ಬಂದಾಗ ಅದು ಅಂಥ ದೊಡ್ಡದಾಗಿ ಕಾಣಲಿಲ್ಲ. ಬೆಳಕಿನ ಪ್ರತಿಫಲನವನ್ನು ಮಕ್ಕಳಿಗೆ ತೋರಿಸುವ ಪ್ರಯೋಗದ ಪೆಟ್ಟಿಗೆಗಳು, ಒಟ್ಟು 80. ಗೋಡೆಗಳಿಗೆ 3 ಮಿ.ಮೀ. ಪ್ಲೈವುಡ್, ಮೇಲೆ 3 ಮಿ.ಮೀ. ಪಾರದರ್ಶಕ ಮುಚ್ಚಳ, ಅದರಡಿ ಧೂಳು ತಡೆಯಲು 2 ಮಿ.ಮೀ. ಕರಿ ರಬ್ಬರಿನ ಗ್ಯಾಸ್ಕೆಟ್, ಒಳಗೆ ಕನ್ನಡಿ ಹಿಡಿದಿಡುವ 1.5 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲಿನ ಎರಡು ಬ್ರಾಕೆಟ್, ಎತ್ತಿಕೊಳ್ಳಲು ಒಂದು ರೆಕ್ಸಿನ್ ಪಟ್ಟಿ. ಡ್ರಾಯಿಂಗ್ ಸಿದ್ಧವಿತ್ತು. ಶೀಟ್‌ಗಳನ್ನೂ ಗ್ರಾಹಕರೇ ತಮ್ಮ ಉಗ್ರಾಣದಿಂದ ತಂದು ಇಳಿಸಿದ್ದರು. ಕೆಲವಕ್ಕೆ ಚೀಟಿ ಇತ್ತು, ಕೆಲವಕ್ಕೆ ಇರಲಿಲ್ಲ. ಇಲ್ಲದವುಗಳ ಮೇಲೆ ಯಾರೋ ಮಾರ್ಕರ್‌ನಲ್ಲಿ ‘ಅಕ್ರಿಲಿಕ್’, ‘ರಬ್ಬರ್’ ಎಂದು ಬರೆದಿದ್ದರು.

ಶೀಟ್ ಇಳಿಸುತ್ತಲೇ ಅವರು ಒಂದು ಪ್ರಶ್ನೆ ಕೇಳಿದರು. ಅದು ಒಳ್ಳೆಯ ಪ್ರಶ್ನೆ. ಉಕ್ಕು ಕತ್ತರಿಸುವ 3 ಕಿಲೋವ್ಯಾಟ್ ಯಂತ್ರವನ್ನು ಅವರು ಬೇರೊಂದು ವರ್ಕ್‌ಶಾಪಿನಲ್ಲಿ ನೋಡಿಬಂದಿದ್ದರು. “ನಿಮ್ಮ ಯಂತ್ರ ಬರೀ 100 ವ್ಯಾಟಿನದು. ಉಕ್ಕನ್ನೇ ಕೊಯ್ಯುವ ಯಂತ್ರಕ್ಕೆ ಪ್ಲಾಸ್ಟಿಕ್ ಯಾವ ಲೆಕ್ಕ? ಐದೂ ಶೀಟನ್ನು ಅಲ್ಲಿಗೇ ಕೊಟ್ಟುಬಿಟ್ಟರೆ ಆಗುವುದಿಲ್ಲವೇ?”

ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂದು ವಿವರಿಸಿದರೆ ಲೇಸರ್ ಕಟಿಂಗಿನ ಅರ್ಧ ಪಾಠ ಮುಗಿಯುತ್ತದೆ. ಉಳಿದರ್ಧವನ್ನು ಅದೇ ಐದು ಶೀಟ್‌ಗಳು ಮುಂದಿನ ಎರಡು ವಾರಗಳಲ್ಲಿ ನಮಗೆ ಕಲಿಸಿದವು.

ವ್ಯಾಟ್ ಅಲ್ಲ, ಬಣ್ಣ

ನಮ್ಮಲ್ಲಿರುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಉದ್ದನೆಯ ಗಾಜಿನ ಕೊಳವೆ, ಅದರೊಳಗೆ ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್ ಮತ್ತು ಹೀಲಿಯಂ ಅನಿಲಗಳ ಮಿಶ್ರಣ, ಸುತ್ತಲೂ ತಣ್ಣೀರಿನ ಹರಿವು. ಹೆಚ್ಚಿನ ವೋಲ್ಟೇಜ್ ಹಾಯಿಸಿದಾಗ ಮೊದಲು ನೈಟ್ರೋಜನ್ ಅಣುಗಳು ಕೆರಳುತ್ತವೆ. ಅವು ಡಿಕ್ಕಿ ಹೊಡೆದು ತಮ್ಮ ಶಕ್ತಿಯನ್ನು ಕಾರ್ಬನ್ ಡೈಆಕ್ಸೈಡ್ ಅಣುಗಳಿಗೆ ದಾಟಿಸುತ್ತವೆ. ಆ ಅಣುಗಳು ಒಂದನ್ನೊಂದು ಪ್ರಚೋದಿಸುತ್ತ ಒಂದೇ ತಾಳದ ಬೆಳಕನ್ನು ಬಿಡುತ್ತವೆ. ಮಿಕ್ಕ ಬಿಸಿಯನ್ನು ಸಾಗಿಸುವುದು ಹೀಲಿಯಂನ ಪಾಲು. ಹೊರಬರುವ ಬೆಳಕಿನ ತರಂಗಾಂತರ 10.6 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕು.

ಉಕ್ಕಿನ ವರ್ಕ್‌ಶಾಪಿನಲ್ಲಿರುವುದು ಫೈಬರ್ ಲೇಸರ್. ಅಲ್ಲಿ ಬೆಳಕು ಹುಟ್ಟುವುದು ಇಟರ್ಬಿಯಂ ಬೆರೆಸಿದ ಗಾಜಿನ ಎಳೆಯೊಳಗೆ. ಅದರ ತರಂಗಾಂತರ ಸುಮಾರು 1.07 ಮೈಕ್ರಾನ್, ನಮ್ಮದರ ಹತ್ತನೇ ಒಂದು ಭಾಗ. ಅದೂ ಕಣ್ಣಿಗೆ ಕಾಣುವುದಿಲ್ಲ. ಆದರೆ ವಸ್ತುಗಳ ಪಾಲಿಗೆ ಇವೆರಡೂ ಬೇರೆ ಬೇರೆ ಬಣ್ಣಗಳೇ.

ಪಾರದರ್ಶಕ ಅಕ್ರಿಲಿಕ್ 10.6 ಮೈಕ್ರಾನ್ ಬೆಳಕಿಗೆ ಕಲ್ಲಿದ್ದಲಿನಂತೆ ವರ್ತಿಸುತ್ತದೆ. ಮೇಲ್ಮೈಯಲ್ಲೇ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಅದೇ ಶೀಟ್ 1 ಮೈಕ್ರಾನ್ ಬೆಳಕಿಗೆ ಕಿಟಕಿಯ ಗಾಜು. ಬೆಳಕು ಹೆಚ್ಚುಕಡಿಮೆ ಪೂರ್ತಿ ದಾಟಿಹೋಗಿ ಕೆಳಗಿನ ಮೇಜಿಗೆ ಬಡಿಯುತ್ತದೆ. 3 ಕಿಲೋವ್ಯಾಟ್ ಇರಲಿ, 30 ಇರಲಿ, ನಿಲ್ಲದೆ ಹಾದುಹೋಗುವ ಬೆಳಕು ಹೇಗೆ ತಾನೇ ಕೊಯ್ದೀತು? ಲೋಹದ ಕಥೆ ಇದಕ್ಕೆ ತಿರುಗುಮುರುಗು. ತಣ್ಣಗಿನ ಉಕ್ಕು 10.6 ಮೈಕ್ರಾನ್ ಬೆಳಕಿನ ಬಹುಪಾಲನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ, 1 ಮೈಕ್ರಾನ್ ಬೆಳಕನ್ನು ಅದಕ್ಕಿಂತ ಎಷ್ಟೋ ಹೆಚ್ಚು ಹೀರುತ್ತದೆ. ಹಾಗೆಂದು ಕಾರ್ಬನ್ ಡೈಆಕ್ಸೈಡ್ ಲೇಸರಿನಿಂದ ಉಕ್ಕು ಕತ್ತರಿಸಲು ಆಗುವುದೇ ಇಲ್ಲ ಎಂದಲ್ಲ. ಫೈಬರ್ ಯಂತ್ರಗಳು ಬರುವ ಮುಂಚೆ ದಶಕಗಳ ಕಾಲ ಉಕ್ಕಿನ ಶೀಟ್ ಕತ್ತರಿಸಿದ್ದು ಕಿಲೋವ್ಯಾಟುಗಟ್ಟಲೆ ಸಾಮರ್ಥ್ಯದ ಅದೇ ಲೇಸರ್‌ಗಳು. ನಮ್ಮ 100 ವ್ಯಾಟಿನ ಗಾಜಿನ ಕೊಳವೆಗೆ ಆ ತಾಕತ್ತಿಲ್ಲ, ಅಷ್ಟೆ.

ಇದೆಲ್ಲ ತೀರಾ ಹಳೆಯದೂ ಅಲ್ಲ, ತೀರಾ ಹೊಸದೂ ಅಲ್ಲ. ಥಿಯೋಡೋರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದ್ದು 1960ರಲ್ಲಿ, ಮಾಣಿಕ್ಯದ ಹರಳಿನಿಂದ. ಕುಮಾರ್ ಪಟೇಲ್ ಬೆಲ್ ಪ್ರಯೋಗಾಲಯದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಟ್ಟಿದ್ದು 1964ರಲ್ಲಿ. ಪೀಟರ್ ಹೌಲ್ಡ್‌ಕ್ರಾಫ್ಟ್ ಬ್ರಿಟನ್ನಿನಲ್ಲಿ ಆ ಬೆಳಕಿನ ಜೊತೆಗೆ ಆಕ್ಸಿಜನ್ ಊದಿ 1 ಮಿ.ಮೀ. ಉಕ್ಕನ್ನು ಕತ್ತರಿಸಿ ತೋರಿಸಿದ್ದು 1967ರಲ್ಲಿ. ಜಗತ್ತಿನ ಮೊದಲ ಲೇಸರ್ ಬೆಳಗಿ ಏಳೇ ವರ್ಷಕ್ಕೆ ಉಕ್ಕಿಗೆ ಕತ್ತರಿ ಬಿದ್ದಿತ್ತು.

ಗ್ರಾಹಕರಿಗೆ ನಾನು ಕೊಟ್ಟ ಉತ್ತರ ಇಷ್ಟು: ಬ್ರಾಕೆಟ್ ಮಾತ್ರ ಅಲ್ಲಿಗೆ, ಮಿಕ್ಕ ನಾಲ್ಕು ಇಲ್ಲಿ. ಆ ‘ಮಿಕ್ಕ ನಾಲ್ಕು’ ಎಂಬ ಮಾತಿನಲ್ಲಿ ಮೂರು ತಪ್ಪಿದ್ದವು. ಅವು ಆಮೇಲೆ ಗೊತ್ತಾದವು.

ಹಳದಿ ಅಂಚು

ಮೊದಲು ಮುಚ್ಚಳಕ್ಕೆ ಕೈ ಹಾಕಿದೆವು, ಅದೇ ಸುಲಭ ಎಂದುಕೊಂಡು. ಲೇಸರಿಗೆ ಹೇಳಿ ಮಾಡಿಸಿದ ವಸ್ತು ಒಂದಿದ್ದರೆ ಅದು ಅಕ್ರಿಲಿಕ್. ಅದರ ಅಣುಗಳು ಮಣಿಸರದಂತಿವೆ. ಸಾಕಷ್ಟು ಬಿಸಿ ತಗುಲಿದರೆ ದಾರ ಹರಿದ ಸರದ ಮಣಿಗಳು ಉದುರುವಂತೆ ಒಂದೊಂದೇ ಕಳಚಿ ಮೂಲದ ಮಿಥೈಲ್ ಮೆಥಾಕ್ರಿಲೇಟ್ ಆವಿಯಾಗಿ ಹಾರಿಹೋಗುತ್ತವೆ. ಹಿಂದೆ ಬೂದಿಯೂ ಉಳಿಯುವುದಿಲ್ಲ, ಕಿಟ್ಟವೂ ಉಳಿಯುವುದಿಲ್ಲ. ಅಂಚಿನಲ್ಲಿ ಕರಗಿದ ತೆಳು ಪದರ ಮಾತ್ರ ಹಾಗೇ ಗಟ್ಟಿಯಾಗಿ ಪಾಲಿಶ್ ಮಾಡಿದಂತೆ ಹೊಳೆಯುತ್ತದೆ. ಆ ಹೊಳಪು ಬೇಕೆಂದೇ ಅಕ್ರಿಲಿಕ್ ಕತ್ತರಿಸುವಾಗ ನಾಝಲ್‌ನ, ಅಂದರೆ ಕಿರಣ ಹೊರಬರುವ ಮೂತಿಯ, ಗಾಳಿಯನ್ನು ತಗ್ಗಿಸುತ್ತೇವೆ. ಜೋರು ಗಾಳಿ ಬಿಟ್ಟರೆ ಅಂಚು ಮಂಜು ಕವಿದಂತಾಗುತ್ತದೆ. ಗಾಳಿ ಪೂರ್ತಿ ನಿಲ್ಲಿಸಿದರೆ ಆವಿಗೆ ಬೆಂಕಿ ಹತ್ತುತ್ತದೆ. ಎರಡರ ನಡುವಿನ ಹದ ಕೈಗೆ ಬರಲು ಕೆಲವು ಶೀಟ್‌ಗಳು ಹಾಳಾಗಲೇಬೇಕು.

ಆ ದಿನ ನಾಝಲ್ ಹತ್ತು ಸೆಂಟಿಮೀಟರ್ ಸಾಗುವಷ್ಟರಲ್ಲಿ ಸಹಾಯಕ ಹುಡುಗ ಕರೆದ: “ಅಣ್ಣಾ, ಇದು ಬೇರೆ ಥರ ಹೊಗೆ ಬಿಡುತ್ತಿದೆ.” ಅಕ್ರಿಲಿಕ್‌ನಿಂದ ಏಳುವುದು ತೆಳು ಬಿಳಿ ಹೊಗೆ, ಹಣ್ಣು ಕೊಳೆತಂಥ ಸಿಹಿ ವಾಸನೆ. ಇಲ್ಲಿ ಎದ್ದದ್ದು ಕರಿ ಎಳೆಗಳು. ಯಂತ್ರ ನಿಲ್ಲಿಸಿ ತುಂಡನ್ನು ಹೊರತೆಗೆದು ನೋಡಿದರೆ ಅಂಚು ಜೇನಿನ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಮಸಿ ಮೆತ್ತಿ, ಕೆಳಭಾಗದಲ್ಲಿ ಎಳೆಎಳೆಯಾಗಿ ಅಂಟಿಕೊಂಡಿತ್ತು. ವೇಗ ಏರಿಸಿ ಇನ್ನೊಂದು ಗೆರೆ ಕೊಟ್ಟೆವು. ಬಣ್ಣ ತುಸು ತಗ್ಗಿತು, ಆದರೆ ಶೀಟ್ ಪೂರ್ತಿ ತುಂಡಾಗಲಿಲ್ಲ.

ಇದು ಪಾಲಿಕಾರ್ಬೊನೇಟ್ ಇರಬಹುದೆಂಬ ಅನುಮಾನ ಬಂತು. ನೋಡಲು ಎರಡೂ ಒಂದೇ ಥರ. ತೂಕದಿಂದಲೂ ಗೊತ್ತಾಗುವುದಿಲ್ಲ: ಅಕ್ರಿಲಿಕ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.18 ಗ್ರಾಂ, ಪಾಲಿಕಾರ್ಬೊನೇಟಿನದು 1.20. ನೀರಿಗೆ ಹಾಕಿದರೆ ಎರಡೂ ಮುಳುಗುತ್ತವೆ. ಬಗ್ಗಿಸಿದರೆ ಮಾತ್ರ ಗುಟ್ಟು ಹೊರಬೀಳುತ್ತದೆ. ಮೂಲೆಯಿಂದ ಬೆರಳಗಲದ ಪಟ್ಟಿಯೊಂದನ್ನು ಗರಗಸದಿಂದ ತೆಗೆದು ಇಕ್ಕಳದಲ್ಲಿ ಹಿಡಿದು ಬಗ್ಗಿಸಿದೆ. ಅಕ್ರಿಲಿಕ್ ಆಗಿದ್ದರೆ ಚಟ್ಟನೆ ಮುರಿಯಬೇಕಿತ್ತು. ಇದು ಹಠಮಾರಿಯಂತೆ ಮಡಚಿಕೊಂಡಿತು. ಮಡಿಕೆಯಲ್ಲಿ ಬಿಳಿ ಗೆರೆ ಕಂಡಿತೇ ಹೊರತು ಮುರಿಯಲಿಲ್ಲ. ಕಟ್ಟಡದ ಹೊರಗೆ, ಗಾಳಿಗೆ ಬೆನ್ನು ಕೊಟ್ಟು, ಒಂದು ಚೂರಿಗೆ ಜ್ವಾಲೆ ತಾಗಿಸಿದೆವು. ಮಸಿ ಕಾರುತ್ತ ಉರಿದು, ಜ್ವಾಲೆ ತೆಗೆದ ಕೂಡಲೇ ಆರಿತು. ಅಕ್ರಿಲಿಕ್ ಹಾಗೆ ಆರುವುದಿಲ್ಲ, ಚಟಚಟ ಸದ್ದು ಮಾಡುತ್ತ ಉರಿಯುತ್ತಲೇ ಇರುತ್ತದೆ.

ಪಾಲಿಕಾರ್ಬೊನೇಟ್ ಕೆಟ್ಟ ವಸ್ತುವೇನಲ್ಲ. ಸುತ್ತಿಗೆಯ ಪೆಟ್ಟನ್ನು ತಡೆಯುವುದು ಅದೇ, ಅಕ್ರಿಲಿಕ್ ಅಲ್ಲ. ಆದರೆ ಅದರ ಅಣುಸರಪಳಿಯಲ್ಲಿ ಬೆಂಜೀನ್ ಉಂಗುರಗಳಿವೆ. ಬಿಸಿಗೆ ಅದು ಮಣಿಮಣಿಯಾಗಿ ಕಳಚಿಕೊಳ್ಳುವುದಿಲ್ಲ, ಒಂದಕ್ಕೊಂದು ಹೆಣೆದುಕೊಂಡು ಇದ್ದಿಲಾಗುತ್ತದೆ. ಇಲ್ಲಿಗೆ ಬರುವ ಯಾವ ಶೀಟಿನ ಬಗ್ಗೆಯೂ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದರಿಂದಲೇ ಬಂದದ್ದು: ಸೀಳಿನಲ್ಲಿದ್ದ ವಸ್ತು ಏನಾಗಿ ಹೊರಹೋಗುತ್ತದೆ? ಆವಿಯಾಗಿಯೋ, ಕರಗಿದ ಹನಿಯಾಗಿಯೋ, ಇದ್ದಿಲಾಗಿಯೋ, ವಿಷವಾಗಿಯೋ? ‘ಇದು ಲೇಸರಿನಲ್ಲಿ ತುಂಡಾಗುತ್ತದೆಯೇ’ ಎಂದು ಕೇಳುವವರಿಗೆ ಹೌದು ಎನ್ನುವುದು ಸುಲಭ. ಬೆಳಕನ್ನು ಹೀರುವ ಏನನ್ನು ಇಟ್ಟರೂ ಏನಾದರೊಂದು ಆಗಿಯೇ ಆಗುತ್ತದೆ.

ಗ್ರಾಹಕರಿಗೆ ಫೋನ್ ಮಾಡಿದೆವು. ಮಕ್ಕಳ ಕೈಯಲ್ಲಿ ಪೆಟ್ಟಿಗೆ ಬೀಳುವುದಿಲ್ಲವೇ, ಪಾಲಿಕಾರ್ಬೊನೇಟೇ ಇರಲಿ ಎಂದರೆ ರೌಟರ್ ಯಂತ್ರದಲ್ಲಿ ತಿರುಗುವ ಕಟರಿನಿಂದ ಕತ್ತರಿಸಬೇಕು. ಅಕ್ಷರ ಕೆತ್ತುವುದಿದ್ದರೆ ಅಕ್ರಿಲಿಕ್ ವಾಸಿ. ಅವರಿಗೆ ಮುಚ್ಚಳದ ಮೇಲೆ ಕೋನಗಳ ಗೆರೆ, ಅಂಕಿಗಳು ಬೇಕಿದ್ದವು. ಅಕ್ರಿಲಿಕ್ ಎಂದು ತೀರ್ಮಾನವಾಯಿತು.

ಹಸಿರು ಜ್ವಾಲೆ

ಮುಚ್ಚಳದ ಅನುಭವವಾದ ಮೇಲೆ ಮಾರ್ಕರಿನ ಬರಹದ ಮೇಲಿದ್ದ ನಂಬಿಕೆ ಹೋಯಿತು. ಎರಡು ಕರಿ ಶೀಟ್‌ಗಳನ್ನು ಯಂತ್ರದೊಳಗೆ ಇಡುವ ಮುಂಚೆಯೇ ಪರೀಕ್ಷಿಸಿದೆವು. ಪರೀಕ್ಷೆ ಸರಳ, ಉಪಕರಣ ಒಂದು ತುಂಡು ತಾಮ್ರದ ತಂತಿ. ತಂತಿಯ ಒಂದು ತುದಿಗೆ ಮರದ ಹಿಡಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗ್ಯಾಸ್ ಬರ್ನರಿನ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಬೇಕು. ಜ್ವಾಲೆಯಲ್ಲಿ ಬೇರೆ ಬಣ್ಣ ಕಾಣದಷ್ಟು ಶುದ್ಧವಾದ ಮೇಲೆ ಕಾದ ತುದಿಯನ್ನು ಶೀಟಿಗೆ ಚುಚ್ಚಿ ಒಂದಿಷ್ಟು ಅಂಟಿಸಿಕೊಂಡು ಮತ್ತೆ ಜ್ವಾಲೆಗೆ ಹಿಡಿಯಬೇಕು. ವಸ್ತುವಿನಲ್ಲಿ ಕ್ಲೋರಿನ್ ಇದ್ದರೆ ತಾಮ್ರದ ಕ್ಲೋರೈಡ್ ಆಗಿ ಜ್ವಾಲೆ ಹಸಿರಾಗುತ್ತದೆ. ರಸಾಯನಶಾಸ್ತ್ರದವರು ಇದನ್ನು ಬೈಲ್‌ಸ್ಟೈನ್ ಪರೀಕ್ಷೆ ಎನ್ನುತ್ತಾರೆ, 1872ರಿಂದ ಬಳಕೆಯಲ್ಲಿದೆ. ಬಯಲಲ್ಲೇ ಮಾಡಬೇಕು, ಹೊಗೆ ಮೂಗಿಗೆ ಬರಕೂಡದು.

ರೆಕ್ಸಿನ್ ಹಸಿರಾಗುತ್ತದೆಂದು ಎಣಿಸಿದ್ದೆ, ಆಯಿತು. ರೆಕ್ಸಿನ್ ಎಂದು ಮಾರುವುದರಲ್ಲಿ ಬಹಳಷ್ಟು ಬಟ್ಟೆಯ ಮೇಲೆ ಪಿವಿಸಿ ಎಂಬ ಕ್ಲೋರಿನ್ ಇರುವ ಪ್ಲಾಸ್ಟಿಕ್ ಲೇಪಿಸಿದ್ದು. ನನ್ನನ್ನು ಚಕಿತಗೊಳಿಸಿದ್ದು ‘ರಬ್ಬರ್’. ತಂತಿಯನ್ನು ಜ್ವಾಲೆಗೆ ಹಿಡಿದದ್ದೇ ತಡ, ಎಲೆಹಸಿರು ಬಣ್ಣ ಒಂದು ಗೇಣು ಮೇಲೆದ್ದಿತು. ಅದು ನಿಯೋಪ್ರೀನ್ ಎಂಬ ಕೃತಕ ರಬ್ಬರ್. ಹೆಸರು ಕೇಳಿದರೆ ಯಾರಿಗೂ ಕ್ಲೋರಿನ್ ನೆನಪಾಗುವುದಿಲ್ಲ, ಆದರೆ ಅದರ ಮೂಲ ಅಣುವಿನ ಹೆಸರೇ ಕ್ಲೋರೊಪ್ರೀನ್. ತೂಕದಲ್ಲಿ ಶೇ. 40ರಷ್ಟು ಕ್ಲೋರಿನ್. ಪಿವಿಸಿಯಲ್ಲಿ, ಏನೂ ಬೆರೆಸದ ಶುದ್ಧ ರೂಪದಲ್ಲಿ, ಶೇ. 57ರಷ್ಟು.

ಈ ಕ್ಲೋರಿನ್ ಲೇಸರ್ ತಗುಲಿದಾಗ ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬೀಳುತ್ತದೆ. ಗಾಳಿಯ ತೇವ ಸೇರಿತೆಂದರೆ ಅದು ಹೈಡ್ರೋಕ್ಲೋರಿಕ್ ಆಮ್ಲ. ಯಂತ್ರದ ಹಳಿಗಳು, ಬೇರಿಂಗ್‌ಗಳು ತುಕ್ಕು ಹಿಡಿಯುತ್ತವೆ, ಕನ್ನಡಿಗಳ ಲೇಪ ಕಿತ್ತುಬರುತ್ತದೆ. ಯಂತ್ರ ಹಾಳಾಗುತ್ತದೆ ಎಂದೇ ಎಲ್ಲರೂ ಮೊದಲು ಹೇಳುತ್ತಾರೆ. ನನಗೆ ಅದು ವಿಚಿತ್ರವಾಗಿ ಕಾಣುತ್ತದೆ. ಅದೇ ಆಮ್ಲ ಪಕ್ಕದಲ್ಲಿ ನಿಂತವನ ಕಣ್ಣಿಗೆ, ಶ್ವಾಸಕೋಶಕ್ಕೆ ಇಳಿಯುತ್ತದೆಯಲ್ಲ? ಹಳಿಯನ್ನಾದರೆ ಬದಲಾಯಿಸಬಹುದು. ಟೆಫ್ಲಾನ್ ಕೊಟ್ಟರೂ ನಾವು ಮುಟ್ಟುವುದಿಲ್ಲ, ಅದರಲ್ಲಿ ಕ್ಲೋರಿನ್ ಬದಲು ಫ್ಲೋರಿನ್. ಎಬಿಎಸ್ ಪ್ಲಾಸ್ಟಿಕ್ ಕರಗಿ ಅಂಟುತ್ತದೆ, ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಇರುತ್ತದೆ. ಕ್ರೋಮ್ ಹದದ ಚರ್ಮವೂ ಬೇಡ, ಸುಟ್ಟರೆ ಕ್ರೋಮಿಯಂ ವಿಷಕಾರಿ ರೂಪಕ್ಕೆ ತಿರುಗಬಹುದು. ತೊಗಟೆಯ ಹದದ್ದಾದರೆ ಸರಿ.

ಗ್ಯಾಸ್ಕೆಟ್ಟಿಗೆ ಎರಡು ದಾರಿಗಳಿದ್ದವು. ಅದೇ ನಿಯೋಪ್ರೀನನ್ನು ಉಕ್ಕಿನ ಪಟ್ಟಿಯ ಡೈ ಮಾಡಿಸಿ ಒತ್ತಿ ಕತ್ತರಿಸುವುದು, ಇಲ್ಲವೇ ಸಿಲಿಕೋನ್ ಶೀಟ್ ತಂದು ಲೇಸರಿನಲ್ಲೇ ಕತ್ತರಿಸುವುದು. 80 ಪೆಟ್ಟಿಗೆಗೆ ಡೈ ಮಾಡಿಸುವುದು ದಂಡ, ಸಾವಿರ ಇದ್ದಿದ್ದರೆ ಡೈಯೇ ಸರಿ. ಸಿಲಿಕೋನ್ ಆರಿಸಿದೆವು. ಲೇಸರಿನಲ್ಲಿ ಅದು ಸುಟ್ಟು ಅಂಚಿನ ಮೇಲೆ ಬೂದುಬಿಳಿ ಪುಡಿಯನ್ನು ಬಿಡುತ್ತದೆ. ಅದು ಸಿಲಿಕಾ. ನೀರಿನಲ್ಲಿ ಉಜ್ಜಿ ತೊಳೆದರೆ ಹೋಗುತ್ತದೆ, ಒಣಗಿದ್ದಾಗ ಊದಬಾರದು. ರೆಕ್ಸಿನ್ ಪಟ್ಟಿಯ ಜಾಗಕ್ಕೆ ಪಾಲಿಯೆಸ್ಟರ್ ಪಟ್ಟಿ ಬಂತು. ಅದರ ತುದಿಯನ್ನು ಲೇಸರ್ ಕತ್ತರಿಸುತ್ತಲೇ ಕರಗಿಸಿ ಮುಚ್ಚುವುದರಿಂದ ನೂಲು ಬಿಚ್ಚಿಕೊಳ್ಳುವುದಿಲ್ಲ. ಇಡೀ ಕೆಲಸದಲ್ಲಿ ತಾನಾಗಿ ಸುಧಾರಿಸಿದ ಭಾಗ ಇದೊಂದೇ.

3 ಮಿ.ಮೀ. ಎಂಬ ಸುಳ್ಳು

ಪ್ಲೈವುಡ್ಡಿನ ಗೋಡೆಗಳು ಒಂದಕ್ಕೊಂದು ಹಲ್ಲುಹಲ್ಲಾಗಿ ಕೂರಬೇಕು. ಡ್ರಾಯಿಂಗಿನಲ್ಲಿ ಹಲ್ಲಿನ ಉದ್ದ 20 ಮಿ.ಮೀ., ಅದು ಕೂರುವ ಕಚ್ಚಿನ ಉದ್ದ 20, ಕಚ್ಚಿನ ಅಗಲ 3. ಕಾಗದದ ಮೇಲೆ ಅಚ್ಚುಕಟ್ಟು. ಆದರೆ ಲೇಸರ್ ಗೆರೆಗೂ ಅಗಲ ಇದೆ. ಅದನ್ನೇ ಕರ್ಫ್ ಎನ್ನುತ್ತೇವೆ.

ನಮ್ಮ ಲೆನ್ಸಿನ ಫೋಕಸ್ ದೂರ 50.8 ಮಿ.ಮೀ. ಸುಮಾರು 7 ಮಿ.ಮೀ. ದಪ್ಪದ ಕಿರಣವನ್ನು ಅದು ಲೆಕ್ಕದ ಪ್ರಕಾರ 0.1 ಮಿ.ಮೀ. ಚುಕ್ಕಿಗೆ ಇಳಿಸುತ್ತದೆ. 100 ವ್ಯಾಟ್ ಅಷ್ಟು ಚಿಕ್ಕ ಜಾಗದಲ್ಲಿ ಬಿದ್ದರೆ ಅದರ ತೀವ್ರತೆ ನಡುಹಗಲಿನ ಬಿಸಿಲಿನ ಒಂದು ಕೋಟಿ ಪಟ್ಟಿಗೂ ಹೆಚ್ಚು. ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಬಾಲ್ಯದ ಆಟವೇ ಇದು, ಬಿಸಿಲೊಂದು ಬೇರೆ. ಚುಕ್ಕಿ 0.1 ಆದರೂ ಸೀಳು ಅದಕ್ಕಿಂತ ಅಗಲವಾಗುತ್ತದೆ, ಸುತ್ತಲಿನದೂ ಬೇಯುವುದರಿಂದ. ಎಷ್ಟು ಅಗಲ ಎಂಬುದನ್ನು ಪುಸ್ತಕ ನೋಡಿ ಹೇಳಲಾಗದು, ಆಯಾ ಶೀಟಿನ ಮೇಲೇ ಅಳೆಯಬೇಕು. ನಾವು ಅಳೆಯುವುದು ಹೀಗೆ: ತಲಾ 10 ಮಿ.ಮೀ. ಅಗಲದ ಹತ್ತು ತುಂಡುಗಳನ್ನು ಪಕ್ಕಪಕ್ಕದಲ್ಲಿ ಕತ್ತರಿಸಿ, ಒಟ್ಟಿಗೆ ಒತ್ತಿ ಹಿಡಿದು ಕ್ಯಾಲಿಪರಿನಲ್ಲಿ ಅಳೆಯುತ್ತೇವೆ. 100 ಬರಬೇಕಾದಲ್ಲಿ ಆ ದಿನ 98.2 ಬಂತು. ಹತ್ತು ಸೀಳಿಗೆ 1.8 ಹೋಗಿದೆ, ಅಂದರೆ ಒಂದಕ್ಕೆ 0.18.

ಹಾಗಾಗಿ 20ರ ಹಲ್ಲು 19.82 ಆಗುತ್ತದೆ, 20ರ ಕಚ್ಚು 20.18 ಆಗುತ್ತದೆ. ನಡುವೆ 0.36 ಮಿ.ಮೀ. ಸಡಿಲ. ಅಂಟು ಹಾಕದೆ ಪೆಟ್ಟಿಗೆ ನಿಲ್ಲುವುದಿಲ್ಲ. ಗೆರೆಯನ್ನು ಕರ್ಫಿನ ಅರ್ಧದಷ್ಟು, 0.09 ಮಿ.ಮೀ., ಉಳಿಯಬೇಕಾದ ಭಾಗದಿಂದ ಆಚೆಗೆ ಸರಿಸಿದರೆ ಎರಡೂ 20ಕ್ಕೆ ಬರುತ್ತವೆ. ಸಾಫ್ಟ್‌ವೇರ್ ಇದನ್ನು ತಾನೇ ಮಾಡುತ್ತದೆ, ಸಂಖ್ಯೆಯನ್ನು ನಾವು ಕೊಡಬೇಕು.

ಕಚ್ಚಿನ ಅಗಲದ ತೊಂದರೆಗೆ ಮಾತ್ರ ಸಾಫ್ಟ್‌ವೇರಿನಲ್ಲಿ ಮದ್ದಿರಲಿಲ್ಲ. ಹೆಸರಿಗೆ 3 ಮಿ.ಮೀ. ಆದ ಆ ಪ್ಲೈವುಡ್ಡನ್ನು ಪ್ರತಿ ಶೀಟಿನಲ್ಲೂ ಐದು ಕಡೆ ಅಳೆದೆ. ಒಂದರಲ್ಲಿ 2.8, ಇನ್ನೊಂದರಲ್ಲಿ 3.2, ಒಂದೇ ಶೀಟಿನ ಎರಡು ಮೂಲೆಗಳ ನಡುವೆಯೇ 0.2 ವ್ಯತ್ಯಾಸ. ಮರ ತೇವ ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅದಕ್ಕೆ ಡ್ರಾಯಿಂಗ್ ಗೊತ್ತಿಲ್ಲ. ಶೀಟ್‌ಗಳನ್ನು ದಪ್ಪದ ಪ್ರಕಾರ ಮೂರು ರಾಶಿ ಮಾಡಿ, ಪ್ರತಿ ರಾಶಿಗೂ ಕಚ್ಚಿನ ಅಗಲ ಬದಲಿಸಿದ ಬೇರೆ ಬೇರೆ ಡ್ರಾಯಿಂಗ್ ಇಟ್ಟುಕೊಂಡು ಕತ್ತರಿಸಿದೆವು. ಒಂದು ಪೆಟ್ಟಿಗೆಯ ಎಲ್ಲ ಗೋಡೆಗಳೂ ಒಂದೇ ರಾಶಿಯಿಂದ ಬರಬೇಕೆಂಬ ನಿಯಮ. ರಗಳೆಯ ಕೆಲಸ. ಬೇರೆ ಉಪಾಯ ತೋಚಲಿಲ್ಲ.

ಆಮೇಲೆ ಸೊಟ್ಟು. ಶೀಟಿನ ನಡುಭಾಗ ಮೇಜಿನಿಂದ 4 ಮಿ.ಮೀ. ಎದ್ದಿತ್ತು. 0.1 ಮಿ.ಮೀ. ಚುಕ್ಕಿ ಹೆಚ್ಚು ಹಿಗ್ಗದೆ ಉಳಿಯುವುದು ಫೋಕಸಿನ ಮೇಲೆ ಕೆಳಗೆ ಸೇರಿ ಒಂದೂವರೆ ಮಿ.ಮೀ. ಮಾತ್ರ. 4 ಮಿ.ಮೀ. ಎದ್ದ ಜಾಗದಲ್ಲಿ ಕಿರಣ ಕೊಯ್ಯುವುದಿಲ್ಲ, ಬರೀ ಸುಡುತ್ತದೆ. ಜೇನುಗೂಡಿನಂಥ ಮೇಜಿಗೆ ಕೊಕ್ಕೆ ಸಿಕ್ಕಿಸಿ ಅಂಚುಗಳನ್ನು ಎಳೆದು ಕಟ್ಟಿದೆವು. ಆ ಮೇಜಿನಿಂದಲೂ ಒಂದು ಕಾಟ ಇದೆ: ಶೀಟನ್ನು ದಾಟಿದ ಕಿರಣ ಅದರ ಗೋಡೆಗೆ ಬಡಿದು ಹಿಂದಿರುಗಿ ಶೀಟಿನ ಕೆಳಮೈಯಲ್ಲಿ ಸುಟ್ಟ ಚುಕ್ಕೆಗಳನ್ನು ಮೂಡಿಸುತ್ತದೆ. ಎರಡೂ ಮೈಗೆ ಮಾಸ್ಕಿಂಗ್ ಟೇಪ್ ಹಚ್ಚಿದರೆ ಕಲೆ ಟೇಪಿಗೆ ಹೋಗುತ್ತದೆ.

ಸೆಕೆಂಡಿಗೆ 20 ಮಿ.ಮೀ. ವೇಗದಲ್ಲಿ ಬಹುತೇಕ ತುಂಡುಗಳು ಸಲೀಸಾಗಿ ಬಿದ್ದವು. ಬೀಳದೆ ಹಟ ಹಿಡಿದ ಕೆಲವನ್ನು ಹಿಂದಿನಿಂದ ಚಾಕುವಿನಲ್ಲಿ ಎಬ್ಬಿಸಿ ನೋಡಿದರೆ ನಡುಪದರದಲ್ಲಿ ಗಂಟು ಅಥವಾ ಅಂಟು ತುಂಬಿದ ಬಿರುಕು. ಮರ ಆವಿಯಾಗಿಯೂ ಇದ್ದಿಲಾಗಿಯೂ ಹೋಗುತ್ತದೆ, ಹಾಗಾಗಿ ಅಂಚು ಕಂದಾಗುವುದು ಸಹಜ. ಅಂಟು ಮಾತ್ರ ಎರಡಕ್ಕೂ ಸುಲಭವಾಗಿ ಒಗ್ಗುವುದಿಲ್ಲ, ಅದರಲ್ಲೂ ನೀರು ತಡೆಯುವ ಫೀನಾಲ್ ಅಂಟು. ಒಂದು ಗಂಟಿಗಾಗಿ ಇಡೀ ಶೀಟಿನ ವೇಗ ಇಳಿಸಿದರೆ ಎಲ್ಲ ಅಂಚುಗಳೂ ಕರಿಮಸಿಯಾಗುತ್ತವೆ. ಹಾಗೆ ಮಾಡುವ ಬದಲು ನಾಲ್ಕೈದು ತುಂಡು ಬಿಸಾಡುವುದೇ ಮೇಲು.

ತುಂಡುಗಳಲ್ಲಿ ರಂಧ್ರಗಳಿದ್ದವು. ಒಳಗಿನ ರಂಧ್ರ ಮೊದಲು, ಹೊರಗಿನ ಗೆರೆ ಕೊನೆಗೆ. ಹೊರಗೆರೆ ಮೊದಲು ಮುಗಿದರೆ ತುಂಡು ಕೆಳಕ್ಕೆ ಜಾರಿ ರಂಧ್ರ ಜಾಗ ತಪ್ಪುತ್ತದೆ. ಇದು ಹೇಳದೆಯೇ ಗೊತ್ತಿರಬೇಕಾದ ವಿಷಯ, ಆದರೂ ಡ್ರಾಯಿಂಗಿನ ಕ್ರಮ ನೋಡದೆ ಬಟನ್ ಒತ್ತಿ ಮೊದಲ ಶೀಟಿನಲ್ಲಿ ಮೂರು ಗೋಡೆ ಕೆಡಿಸಿದವನು ನಾನೇ.

ಬ್ರಾಕೆಟ್

ಬ್ರಾಕೆಟ್‌ಗಳ ಕೆಲಸ ಹೊರಗೆ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ನಿಂತು ನೋಡುವಂತಿತ್ತು. ಲೋಹ ಆವಿಯಾಗಿ ಹೋಗುವುದು ಅಲ್ಪ, ಹೆಚ್ಚಿನದು ಕರಗುತ್ತದೆ. ಕರಗಿದ್ದನ್ನು ಹೊರದಬ್ಬುವುದು ನಾಝಲಿನಿಂದ ಬರುವ ಅನಿಲ. ಮೆದು ಉಕ್ಕಾದರೆ ಕಡಿಮೆ ಒತ್ತಡದ ಆಕ್ಸಿಜನ್ ಸಾಕು. ಕಾದ ಕಬ್ಬಿಣವೇ ಅದರಲ್ಲಿ ಉರಿದು ತಾನೂ ಬಿಸಿ ಕೊಡುತ್ತದೆ, ಲೇಸರಿನ ಕೆಲಸದಲ್ಲಿ ಒಂದು ಪಾಲನ್ನು ಬೆಂಕಿಯೇ ಮಾಡಿಬಿಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ಹಾಗೆ ಮಾಡಿದರೆ ಅಂಚಿಗೆ ಕರಿ ಆಕ್ಸೈಡ್ ಮೆತ್ತುತ್ತದೆ, ತುಕ್ಕು ತಡೆಯುವ ಗುಣಕ್ಕೆ ಅಲ್ಲೇ ಕುತ್ತು. ಅದಕ್ಕೆ 10ರಿಂದ 20 ಬಾರ್ ಒತ್ತಡದ ನೈಟ್ರೋಜನ್ ಊದುತ್ತಾರೆ. ಅದು ಉರಿಸುವುದಿಲ್ಲ, ದಬ್ಬುತ್ತದೆ. ಅಂಚು ಬೆಳ್ಳಿಯಂತೆ ಬರುತ್ತದೆ.

ಮೊದಲ ಬ್ರಾಕೆಟ್ಟಿನ ಕೆಳ ಅಂಚಿನಲ್ಲಿ ಬೆರಳಿಗೆ ತಾಕುವಷ್ಟು ಬರ್, ಅಂದರೆ ಅಂಟಿ ಗಟ್ಟಿಯಾದ ಲೋಹದ ಮುಳ್ಳು, ಇತ್ತು. ಅಲ್ಲಿನ ಆಪರೇಟರ್ ಅದನ್ನು ಉಗುರಿನಿಂದ ಸವರಿ ನೋಡಿ, ಫೋಕಸನ್ನು ಶೀಟಿನೊಳಕ್ಕೆ ತುಸು ಇಳಿಸಿ, ಇನ್ನೊಂದು ಕತ್ತರಿಸಿದರು. ಬರ್ ಹೋಯಿತು. ಕನ್ನಡಿಯ ಹಿಂಬದಿಗೆ ಹಿತ್ತಾಳೆ ತಟ್ಟೆ ಹಾಕಿಸಬಹುದೇ ಎಂದು ಗ್ರಾಹಕರು ಕೇಳಿದ್ದರು. ಆಪರೇಟರ್ ಕೈಯಾಡಿಸಿ ಬೇಡವೆಂದರು. ತಾಮ್ರ, ಹಿತ್ತಾಳೆ ಬೆಳಕನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತವೆ. ಅದು ಲೇಸರಿನ ಗಾಜಿನ ಎಳೆಯೊಳಗೇ ವಾಪಸು ಹೋದರೆ ಲೇಸರಿಗೇ ಪೆಟ್ಟು. ಅದನ್ನು ತಾಳುವ ಯಂತ್ರಗಳಿವೆ, ಅವರದು ಅಂಥದ್ದಲ್ಲ.

ಆ ಯಂತ್ರ ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿದೆ, ನೋಡುವ ಕಿಟಕಿಯೂ ವಿಶೇಷ ಗಾಜಿನದು. ಅರ್ಧ ವ್ಯಾಟ್ ಮೀರಿದ ಯಾವ ಲೇಸರೂ ಕಣ್ಣಿನ ಮಟ್ಟಿಗೆ ಅತ್ಯಂತ ಅಪಾಯದ ನಾಲ್ಕನೇ ವರ್ಗಕ್ಕೆ ಸೇರುತ್ತದೆ. 1 ಮೈಕ್ರಾನ್ ಬೆಳಕಿನಲ್ಲಿ ಭಯ ಇನ್ನೂ ಹೆಚ್ಚು. ಅದು ಕಣ್ಣಿನ ಮಸೂರ ದಾಟಿ ಸೀದಾ ಅಕ್ಷಿಪಟಲದ ಮೇಲೆ ಕೇಂದ್ರೀಕರಿಸುತ್ತದೆ. ನಮ್ಮ 10.6 ಮೈಕ್ರಾನ್ ಬೆಳಕು ಕಣ್ಣಿನ ಮೇಲ್ಪದರದಲ್ಲೇ ನಿಲ್ಲುತ್ತದೆ, ಅಲ್ಲೇ ಸುಡುತ್ತದೆ. ಎರಡರಲ್ಲಿ ಯಾವುದು ವಾಸಿ ಎಂದು ಹುಡುಗ ಕೇಳಿದ. ಮುಚ್ಚಳ ಹಾಕು ಎಂದೆ.

ಜೇಡರ ಬಲೆ

ಮುಚ್ಚಳಗಳಿಗೆ ಹೊಸ ಅಕ್ರಿಲಿಕ್ ಬಂತು. ಹೆಚ್ಚಿನವು ಕಾಸ್ಟ್ ಶೀಟ್‌ಗಳು, ಅಂದರೆ ಗಾಜಿನ ಎರಡು ಹಲಗೆಗಳ ನಡುವೆ ದ್ರವ ಸುರಿದು ಗಟ್ಟಿಮಾಡಿದವು. ಸಂಖ್ಯೆ ಸಾಲದೆ ಒಂದೆರಡು ಎಕ್ಸ್‌ಟ್ರೂಡೆಡ್ ಶೀಟ್‌ಗಳನ್ನೂ ಸೇರಿಸಿದ್ದೆವು. ಅವು ಕರಗಿಸಿ ಅಚ್ಚಿನಿಂದ ಎಳೆದು ತೆಗೆದವು. ದಪ್ಪ ಬಹಳ ಸಮ, ಕತ್ತರಿಸಲೂ ಸುಲಭ. ಕೆತ್ತನೆಯಲ್ಲಿ ಮಾತ್ರ ವ್ಯತ್ಯಾಸ ಕಂಡಿತು. ಕಾಸ್ಟ್ ಶೀಟಿನ ಮೇಲೆ ಅಂಕಿಗಳು ಹಿಮದಂತೆ ಬೆಳ್ಳಗೆ ಮೂಡಿದವು. ಎಕ್ಸ್‌ಟ್ರೂಡೆಡ್ ಮೇಲೆ ಕರಗಿ ನೀರಿನಂತೆ ಪಾರದರ್ಶಕವಾಗಿಯೇ ಉಳಿದವು, ಓರೆಯಾಗಿ ಹಿಡಿದರೆ ಮಾತ್ರ ಕಾಣುವಂತೆ. ಆ ಮುಚ್ಚಳಗಳ ಅಂಕಿಗಳಿಗೆ ಕೈಯಿಂದ ಬಣ್ಣ ತುಂಬಿ ಸರಿಪಡಿಸಿದೆವು. ಗಡುವು ಹತ್ತಿರವಿತ್ತು. ಅದು ಸರಿಪಡಿಸಿದ್ದಾಗಿರಲಿಲ್ಲ, ಮುಚ್ಚಿಟ್ಟದ್ದು.

80 ಪೆಟ್ಟಿಗೆಗಳು ಹೋದವು. ಮೂರು ವಾರದ ಮೇಲೆ ಗ್ರಾಹಕರು ಏಳು ಮುಚ್ಚಳಗಳನ್ನು ವಾಪಸು ತಂದರು. ಅಂಚಿನಿಂದ ಒಳಕ್ಕೆ ಕೂದಲೆಳೆಯ ಬಿರುಕುಗಳು, ಜೇಡರ ಬಲೆ ಹರಡಿದಂತೆ. ಏಳೂ ಎಕ್ಸ್‌ಟ್ರೂಡೆಡ್. ಲೇಸರ್ ಅಂಚನ್ನು ಕರಗಿಸಿ ಫಕ್ಕನೆ ತಣಿಸುತ್ತದೆ. ತಣಿದ ಪದರ ಕುಗ್ಗಲು ನೋಡುತ್ತದೆ, ಒಳಗಿನ ಗಟ್ಟಿ ಭಾಗ ಬಿಡುವುದಿಲ್ಲ. ಆ ಎಳೆದಾಟ ಅಂಚಿನಲ್ಲಿ ಹಾಗೇ ಕೂತಿರುತ್ತದೆ. ಎಕ್ಸ್‌ಟ್ರೂಡೆಡ್ ಶೀಟಿನಲ್ಲಿ ಅಣುಸರಪಳಿಗಳು ಗಿಡ್ಡ, ತಡೆಯುವ ಶಕ್ತಿ ಕಡಿಮೆ. ಅದಕ್ಕೆ ಆಲ್ಕೋಹಾಲ್ ತಾಗಿತೋ, ಬಿರುಕು ಬಾಯಿ ಬಿಡುತ್ತದೆ. ಮುಚ್ಚಳ ಯಾವುದರಿಂದ ಒರೆಸುತ್ತೀರಿ ಎಂದು ಕೇಳಿದೆ. ಸ್ಪಿರಿಟ್‌ನಿಂದ ಎಂದರು.

ನಾವು ಬಣ್ಣ ತುಂಬಿದ್ದ ಪೇಂಟಿನ ಥಿನ್ನರ್ ಕೂಡ ತನ್ನ ಪಾಲು ಸಲ್ಲಿಸಿರಬೇಕು. ಅದನ್ನೂ ಅವರಿಗೆ ಹೇಳಿದೆ. ಕತ್ತರಿಸಿದ ಮೇಲೆ 80 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಕೆಲವು ಗಂಟೆ ಇಟ್ಟು ನಿಧಾನವಾಗಿ ತಣಿಸಿದ್ದರೆ ಆ ಎಳೆದಾಟ ಬಹಳಷ್ಟು ಇಳಿಯುತ್ತಿತ್ತು. ನಾವು ಇಡಲಿಲ್ಲ. ಚೌಕದ ಕಿಂಡಿಗಳ ಒಳಮೂಲೆಗೆ 1 ಮಿ.ಮೀ. ದುಂಡು ಕೊಟ್ಟಿದ್ದರೂ ಬಿರುಕಿಗೆ ಹಿಡಿತ ಕಡಿಮೆಯಾಗುತ್ತಿತ್ತು. ಡ್ರಾಯಿಂಗಿನಲ್ಲಿ ಅದು ಚೂಪಾಗಿಯೇ ಇತ್ತು, ನಾನೂ ಗಮನಿಸಿರಲಿಲ್ಲ.

ಉಳಿದಿದ್ದ ಕಾಸ್ಟ್ ಶೀಟಿನ ಚೂರುಗಳಲ್ಲಿ ಏಳು ಮುಚ್ಚಳಕ್ಕೆ ಜಾಗ ಸಿಕ್ಕಿತು, ಸರಿಯಾಗಿ ಏಳಕ್ಕೇ. ಮೂಲೆಗಳನ್ನು ದುಂಡು ಮಾಡಿ ಕತ್ತರಿಸಿ ಒಲೆಯಲ್ಲಿಟ್ಟೆವು. ಮರುದಿನ ಬೆಳಿಗ್ಗೆ ಹುಡುಗ ಒಂದು ಚಿಕ್ಕ ಕೆಲಸ ಸೇರಿಸಿದ: ಪ್ಲೈವುಡ್ಡಿನ ಮಿಕ್ಕ ಚೂರಿನಿಂದ ಬೆರಳುದ್ದದ 80 ಪಟ್ಟಿಗಳನ್ನು ಕತ್ತರಿಸಿ, ಪ್ರತಿಯೊಂದರ ಮೇಲೂ ‘ಸೋಪಿನ ನೀರಿನಲ್ಲಿ ಮಾತ್ರ ಒರೆಸಿ’ ಎಂದು ಕೆತ್ತಿ, ಪಾಲಿಯೆಸ್ಟರ್ ಪಟ್ಟಿಗೆ ಕಟ್ಟಲು ತುದಿಯಲ್ಲಿ ಒಂದೊಂದು ರಂಧ್ರ ಇಟ್ಟ. ರಂಧ್ರ ಮೊದಲು, ಹೊರಗೆರೆ ಆಮೇಲೆ.